ಪುಣೆಯ ರೇಡಿಯೊ ಕೂಟಗಳು

ಶಿವಾಜಿನಗರದ ಆಕಾಶವಾಣಿ ಕಟ್ಟಡದ ಮುಂದೆ ನಾನು ಹದಿನೈದು ವರ್ಷಗಳಿಂದ ಓಡಾಡುತ್ತಿದ್ದೇನೆ. ಪುಣೆಗೆ ಬಂದ ಬಹಳಷ್ಟು ಕನ್ನಡಿಗರಂತೆ ನನಗೂ ಅದು ಸಿಗ್ನಲ್ ದಾಟುವಾಗ ಕಾಣುವ ಒಂದು ಸರ್ಕಾರಿ ಕಟ್ಟಡ, ಅಷ್ಟೇ. 1956ರಲ್ಲಿ ಈ ಕೇಂದ್ರ ನಡೆಸಿದ ಒಂದು ಪ್ರಯೋಗದ ಬಗ್ಗೆ ಓದಿದ ಮೇಲೆ ಆ ಕಟ್ಟಡದ ಕಡೆ ಒಮ್ಮೆ ತಿರುಗಿ ನೋಡದೆ ಮುಂದೆ ಹೋಗಲು ಆಗುತ್ತಿಲ್ಲ.

ಕಥೆ ಶುರುವಾಗುವುದು ಕೆನಡಾದಲ್ಲಿ. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಸಿಬಿಸಿ 1941ರಲ್ಲಿ ರೈತ ಒಕ್ಕೂಟ ಮತ್ತು ವಯಸ್ಕರ ಶಿಕ್ಷಣ ಸಂಘಗಳ ಜೊತೆ ಸೇರಿ ಒಂದು ರೇಡಿಯೊ ಕಾರ್ಯಕ್ರಮ ಆರಂಭಿಸಿತು. ಚಳಿಗಾಲದ ಸೋಮವಾರ ರಾತ್ರಿ ಅಕ್ಕಪಕ್ಕದ ಹೊಲದವರು ಒಬ್ಬರ ಮನೆಯಲ್ಲಿ ಸೇರುತ್ತಿದ್ದರು. ಮೊದಲೇ ಅಂಚೆಯಲ್ಲಿ ಬಂದಿದ್ದ ಕಿರುಹೊತ್ತಿಗೆಯನ್ನು ಓದಿ, ಕಾರ್ಯಕ್ರಮ ಕೇಳಿ, ಚರ್ಚೆ ಮಾಡಿ, ತಮ್ಮ ಅಭಿಪ್ರಾಯವನ್ನು ಬರೆದು ಕಳಿಸುತ್ತಿದ್ದರು. ಆ ಅಭಿಪ್ರಾಯಗಳು ಮತ್ತೆ ರೇಡಿಯೊದಲ್ಲಿ ಬರುತ್ತಿದ್ದವು. ‘ಓದಿ, ಕೇಳಿ, ಚರ್ಚಿಸಿ, ಮಾಡಿ’ ಎಂಬುದು ಅವರ ಘೋಷವಾಕ್ಯ.

ಯುನೆಸ್ಕೋ ಈ ಮಾದರಿಯನ್ನು ಬೇರೆ ದೇಶದಲ್ಲಿ ಪರೀಕ್ಷಿಸಲು ಮುಂದಾದಾಗ ಸಿಕ್ಕಿದ್ದು ನಮ್ಮ ಪುಣೆ. ಆಗ ಇದು ಮುಂಬಯಿ ರಾಜ್ಯ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಅದರಲ್ಲೇ ಇದ್ದವು. ಅದೇ ವರ್ಷ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಸೇರಿದವು. ಪ್ರಯೋಗ ನಡೆದದ್ದು ಮಾತ್ರ ಮರಾಠಿ ಮಾತಾಡುವ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ. ವಾರಕ್ಕೆ ಎರಡರಂತೆ ಹತ್ತು ವಾರ, ಒಟ್ಟು 20 ಕಾರ್ಯಕ್ರಮಗಳು, ಒಂದೊಂದೂ ಅರ್ಧ ಗಂಟೆಯದು.

ಏರ್ಪಾಡು ತೀರಾ ಸರಳ. ಪ್ರತಿ ಹಳ್ಳಿಯಲ್ಲಿ ಸುಮಾರು ಇಪ್ಪತ್ತು ಜನರ ಒಂದು ಕೂಟ. ಅದಕ್ಕೊಬ್ಬ ಅಧ್ಯಕ್ಷ, ಒಬ್ಬ ಸಂಚಾಲಕ. ಸಂಜೆ ಎಲ್ಲರೂ ರೇಡಿಯೊ ಸುತ್ತ ಕೂರುವುದು. ಬೇಸಾಯ, ಆರೋಗ್ಯ, ಸಾಲ, ಸಹಕಾರ ಇಂಥ ವಿಷಯ ಕೇಳುವುದು. ರೇಡಿಯೊ ಆರಿಸಿದ ಮೇಲೆ ಅಸಲಿ ಕೆಲಸ: ಇದು ನಮ್ಮೂರಿಗೆ ಹೊಂದುತ್ತದೆಯೆ, ಮಾಡುವುದಾದರೆ ಯಾರು ಮಾಡಬೇಕು, ದುಡ್ಡು ಎಲ್ಲಿಂದ ಬರಬೇಕು ಎಂಬ ಚರ್ಚೆ. ಸಂಚಾಲಕ ಅದನ್ನೆಲ್ಲ ಬರೆದು, ಉಳಿದ ಪ್ರಶ್ನೆಗಳನ್ನೂ ಸೇರಿಸಿ ಪುಣೆಗೆ ಕಳಿಸುತ್ತಿದ್ದ. ಮುಂದಿನ ಕಾರ್ಯಕ್ರಮಗಳಲ್ಲಿ ಅಂಥ ಪ್ರಶ್ನೆಗಳಿಗೆ ಉತ್ತರ ಬರುತ್ತಿತ್ತು.

ಇದರ ಫಲವನ್ನು ಅಳೆದದ್ದು ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ; ಮುಂದೆ ನಿಂತವರು ಸಮಾಜಶಾಸ್ತ್ರಜ್ಞ ಪಾಲ್ ನ್ಯೂರಾತ್. ಅವರು ಕೂಟ ಇದ್ದ ಹಳ್ಳಿಗಳ ಜೊತೆಗೆ, ರೇಡಿಯೊ ಇದ್ದೂ ಕೂಟ ಇಲ್ಲದ ಹಳ್ಳಿಗಳನ್ನೂ ಎರಡೂ ಇಲ್ಲದ ಹಳ್ಳಿಗಳನ್ನೂ ಆರಿಸಿಕೊಂಡರು. ಪ್ರಯೋಗಕ್ಕೆ ಮೊದಲೂ ಆಮೇಲೂ ಜನರನ್ನು ಮಾತಾಡಿಸಿದರು. ಕೂಟವಿದ್ದ ಕಡೆ ತಿಳಿವಳಿಕೆ ಬಹಳ ಹೆಚ್ಚಿತ್ತು. ಇಲ್ಲದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಹಳ್ಳಿಗೆ ಬರೀ ಒಂದು ರೇಡಿಯೊ ಕೊಟ್ಟು ಬಂದರೆ ಸಾಲದು ಎಂಬುದು ಇಷ್ಟು ಸ್ಪಷ್ಟವಾಗಿ ದಾಖಲಾದದ್ದು ಇಲ್ಲಿ. ಜೊತೆಗೆ ಈ ಕೂಟಗಳು ಊರಿನ ಕೆಲಸಗಳ ಬಗ್ಗೆ ತೀರ್ಮಾನ ತೆಗೆದುಕೊಳ್ಳುವ ಜಾಗಗಳೂ ಆಗತೊಡಗಿದ್ದವು.

ಪೈಲಟ್ ಗೆದ್ದಿತು. 1959ರಿಂದ ಇದನ್ನು ದೇಶಾದ್ಯಂತ ಹರಡಲಾಯಿತು, ಕೂಟಗಳ ಸಂಖ್ಯೆ ಸಾವಿರಗಳಿಗೆ ಏರಿತು. ಮುಂದಿನದನ್ನು ನನ್ನ ವೃತ್ತಿಯವರು ಊಹಿಸಬಲ್ಲರು. ಕೆಟ್ಟ ರೇಡಿಯೊ ರಿಪೇರಿಯಾಗದೆ ಮೂಲೆ ಸೇರಿತು. ಇಲಾಖೆಗಳ ನಡುವೆ ಹೊಂದಾಣಿಕೆ ತಪ್ಪಿತು. ಹಳ್ಳಿಗಳಿಂದ ವರದಿ ಬರುವುದು ವಿರಳವಾಯಿತು. ಎಷ್ಟೋ ಕೂಟಗಳು ಕಾಗದದ ಮೇಲಷ್ಟೇ ಉಳಿದವು. ಅಷ್ಟರಲ್ಲಿ ಟ್ರಾನ್ಸಿಸ್ಟರ್ ಬಂದು, ರೇಡಿಯೊ ಕೇಳಲು ಯಾರೂ ಚಾವಡಿಗೆ ಹೋಗಬೇಕಾದ ಅಗತ್ಯವೂ ಇಲ್ಲದಾಯಿತು.

ಇದನ್ನು ಓದುವಾಗ ನನಗೆ ನನ್ನದೇ ಒಂದು ಪ್ರಾಜೆಕ್ಟ್ ನೆನಪಾಗಿ ಮುಜುಗರವಾಯಿತು. ಮೂರು ಶಾಖೆಗಳಲ್ಲಿ ಪರೀಕ್ಷಿಸಿದ ವ್ಯವಸ್ಥೆಯನ್ನು ಇನ್ನೂರು ಶಾಖೆಗಳಿಗೆ ಒಯ್ದಿದ್ದೆವು. ಸಾಫ್ಟ್‌ವೇರ್ ಅದೇ, ತರಬೇತಿ ಅದೇ. ಆದರೆ ಮೂರು ಶಾಖೆಗಳಿದ್ದಾಗ ಪ್ರತಿ ದೂರಿಗೂ ನಾನೇ ಕೂತು ಉತ್ತರ ಬರೆದಿದ್ದೆ. ಇನ್ನೂರಾದಾಗ ಆ ಕೆಲಸವನ್ನು ಯಾರ ಹೆಸರಿಗೂ ಹಚ್ಚಿರಲಿಲ್ಲ. ಆರು ತಿಂಗಳಲ್ಲಿ ದೂರುಗಳು ನಿಂತವು. ಎಲ್ಲ ಸರಿಹೋಯಿತು ಎಂದು ನಾನು ಮೇಲಿನವರಿಗೆ ವರದಿ ಕೊಟ್ಟೆ. ನಿಜಕ್ಕೂ ಜನ ಬರೆಯುವುದನ್ನು ಬಿಟ್ಟಿದ್ದರು. ಪುಣೆಯ ಪ್ರಯೋಗದಲ್ಲೂ ಹರಡಲು ಸುಲಭವಾದದ್ದು ಕಾರ್ಯಕ್ರಮ. ಪತ್ರ ಓದಿ ಉತ್ತರ ಹೇಳುವ ಕೆಲಸ ಹಾಗೆ ಹರಡಲಿಲ್ಲ.

ನಮ್ಮ ಕಡೆಗೂ ಇಂಥದ್ದೊಂದು ಪ್ರಯೋಗ ಬಂದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸಿದ ‘ಸೈಟ್’ ಯೋಜನೆ. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳು. ಸಂಶೋಧಕರು ಹಳ್ಳಿಗಳಲ್ಲೇ ಉಳಿದು ನೋಡುಗರ ಬಗ್ಗೆ ಅಧ್ಯಯನವನ್ನೂ ಮಾಡಿದರು.

ವಿಜಾಪುರ ಜಿಲ್ಲೆಯ ನಮ್ಮೂರಿನ ಪಕ್ಕದ ಹಳ್ಳಿಯ ಸಾಲಿಯಲ್ಲಿ ಒಂದು ಟಿವಿ ಇತ್ತಂತೆ. ಅಪ್ಪನಿಗೆ ಆಗ ಇಪ್ಪತ್ತಮೂರು ವರ್ಷ. ಮೊನ್ನೆ ಫೋನಿನಲ್ಲಿ ಕೇಳಿದೆ.

“ಏನೇನು ತೋರಿಸ್ತಿದ್ರಪ್ಪಾ?”

“ಒಕ್ಕಲುತನದ್ದು ಏನೇನೋ ಬರತಿತ್ತು. ಎಲ್ಲಾ ಮರತೀನಿ. ಮಂದಿ ಮಾತ್ರ ನೆನಪೈತಿ ನೋಡು. ಹೆಣ್ಮಕ್ಕಳು ಆ ಕಡೆ, ನಾವು ಈ ಕಡೆ, ಹುಡುಗ್ರು ಮುಂದ.”

“ನಿನಗ ಏನರ ಕೇಳೂದಿತ್ತೇನು ಅವ್ರನ್ನ?”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. “ಇತ್ತಲ್ಲ. ಅವ್ರು ಹೇಳಿದ ಬೀಜ ನಮ್ಮ ಎರಿ ಹೊಲಕ್ಕ ಹೊಂದತೈತೋ ಇಲ್ಲೋ ಅಂತ ಕೇಳಬೇಕಿತ್ತು. ಟಿವಿ ಕೇಳಿಸಿಕೊಳ್ಳತೈತೇನು?”

ಹತ್ತೊಂಬತ್ತು ವರ್ಷ ಮೊದಲು, ಕೃಷ್ಣಾ ನದಿ ಹುಟ್ಟುವ ಸೀಮೆಯಲ್ಲಿ, ಅಪ್ಪನಂಥವನೇ ಒಬ್ಬ ರೈತ ಇದೇ ಪ್ರಶ್ನೆಯನ್ನು ಪುಣೆಗೆ ಬರೆದು ಕಳಿಸಬಹುದಿತ್ತು.