ಆರ್ಗೋ ಫ್ಲೋಟ್

ಆರ್ಗೋ ಫ್ಲೋಟ್ ಎಂಬುದು ಸಮುದ್ರದ ಆಳದಲ್ಲಿ ನೀರಿನ ಉಷ್ಣತೆ, ಲವಣಾಂಶ ಮತ್ತು ಒತ್ತಡವನ್ನು ಮಾನವನ ನೆರವಿಲ್ಲದೆ ಅಳೆದು, ಮಾಹಿತಿಯನ್ನು ಉಪಗ್ರಹದ ಮೂಲಕ ದಡಕ್ಕೆ ಕಳುಹಿಸುವ ಸ್ವಯಂಚಾಲಿತ ತೇಲುಯಂತ್ರ. ಹಲವು ದೇಶಗಳು ಒಟ್ಟಾಗಿ ನಡೆಸುವ ಆರ್ಗೋ ಯೋಜನೆಯಡಿ ಇಂತಹ ಸಾವಿರಾರು ಯಂತ್ರಗಳು ಜಗತ್ತಿನ ಸಾಗರಗಳಲ್ಲಿ ಕಾರ್ಯನಿರತವಾಗಿವೆ. ಮುಂಗಾರು ಮಳೆ, ಚಂಡಮಾರುತ ಹಾಗೂ ಹವಾಗುಣ ಬದಲಾವಣೆಯ ಅಧ್ಯಯನಕ್ಕೆ ಇವು ಪ್ರಮುಖ ಆಧಾರಗಳಾಗಿವೆ.

ಹಿನ್ನೆಲೆ

ಹಿಂದೆ ಆಳಸಮುದ್ರದ ಅಳತೆಗೆ ಹಡಗುಗಳನ್ನೇ ಅವಲಂಬಿಸಬೇಕಾಗಿತ್ತು. ಹಡಗುಗಳು ವಿರಳವಾಗಿ ಸಂಚರಿಸುವ ಪ್ರದೇಶಗಳಿಂದ ಮತ್ತು ಬಿರುಗಾಳಿಯ ಋತುಗಳಲ್ಲಿ ಮಾಹಿತಿ ಅತ್ಯಲ್ಪವಾಗಿ ದೊರೆಯುತ್ತಿತ್ತು. 1955ರಲ್ಲಿ ಬ್ರಿಟನ್ನಿನ ಜಾನ್ ಸ್ವಾಲೋ, ನಿರ್ದಿಷ್ಟ ಆಳದಲ್ಲಿ ನಿಂತು ಪ್ರವಾಹದೊಡನೆ ಸಾಗುವ ತೇಲುಯಂತ್ರವನ್ನು ರೂಪಿಸಿದರು. ಈ ತತ್ವವೇ ಮುಂದೆ ಬೆಳೆದು 1999–2000ರ ಸುಮಾರಿಗೆ ಆರ್ಗೋ ಯೋಜನೆಗೆ ದಾರಿಯಾಯಿತು. 3,000 ಯಂತ್ರಗಳ ಮೊದಲ ಗುರಿಯನ್ನು 2007ರಲ್ಲಿ ತಲುಪಲಾಯಿತು. ಗ್ರೀಕ್ ಪುರಾಣದ ಜೇಸನ್ ಎಂಬ ವೀರನ ಹಡಗಿನ ಹೆಸರು ಆರ್ಗೋ. ಸಮುದ್ರಮಟ್ಟವನ್ನು ಅಳೆಯುವ ಜೇಸನ್ ಉಪಗ್ರಹಗಳಿಗೆ ಪೂರಕವಾಗಿರುವುದರಿಂದ ಯೋಜನೆಗೆ ಈ ಹೆಸರು ಬಂದಿದೆ.

ಕಾರ್ಯವಿಧಾನ

ಉರುಳೆಯಾಕಾರದ ಈ ಯಂತ್ರದ ತಳಭಾಗದಲ್ಲಿ ಹಿಗ್ಗುವ ಚೀಲವೊಂದಿರುತ್ತದೆ. ಒಳಗಿನ ಎಣ್ಣೆಯನ್ನು ಪಂಪಿನ ಮೂಲಕ ಈ ಚೀಲಕ್ಕೆ ತಳ್ಳಿದಾಗ ಯಂತ್ರದ ತೂಕ ಬದಲಾಗದೆ ಗಾತ್ರ ಮಾತ್ರ ಹೆಚ್ಚುತ್ತದೆ. ಆಗ ಸಾಂದ್ರತೆ ಕಡಿಮೆಯಾಗಿ ಯಂತ್ರ ಮೇಲೇರುತ್ತದೆ. ಎಣ್ಣೆಯನ್ನು ಒಳಗೆ ಎಳೆದುಕೊಂಡಾಗ ಮುಳುಗುತ್ತದೆ.

ಸಾಮಾನ್ಯವಾಗಿ ಯಂತ್ರವು 1,000 ಮೀಟರ್ ಆಳದಲ್ಲಿ ಸುಮಾರು ಒಂಬತ್ತು ದಿನ ತೇಲುತ್ತದೆ. ಬಳಿಕ 2,000 ಮೀಟರಿಗೆ ಇಳಿದು, ಮೇಲೇರುವ ಹಾದಿಯಲ್ಲಿ ಅಳತೆಗಳನ್ನು ದಾಖಲಿಸುತ್ತದೆ. ಮೇಲ್ಮೈಯಲ್ಲಿ ಮಾಹಿತಿಯನ್ನು ರವಾನಿಸಿ ಮತ್ತೆ ಮುಳುಗುತ್ತದೆ. ಹತ್ತು ದಿನಗಳ ಈ ಆವರ್ತನವು ಬ್ಯಾಟರಿ ಮುಗಿಯುವವರೆಗೆ, ಅಂದರೆ ಸಾಮಾನ್ಯವಾಗಿ ಕೆಲವು ವರ್ಷ, ಮುಂದುವರಿಯುತ್ತದೆ.

ಭಾರತದ ಪಾತ್ರ

ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು (ಇನ್‌ಕಾಯ್ಸ್) ದೇಶದ ಆರ್ಗೋ ಕಾರ್ಯವನ್ನು ನಿರ್ವಹಿಸುತ್ತದೆ. ಭಾರತ 2002ರಿಂದ ಹಿಂದೂ ಮಹಾಸಾಗರದಲ್ಲಿ ಈ ಯಂತ್ರಗಳನ್ನು ಬಿಡುತ್ತಿದೆ. ಆರ್ಗೋ ಮಾಹಿತಿ ಯಾರಿಗಾದರೂ ಉಚಿತವಾಗಿ ಲಭ್ಯ.

ಬೆಂಗಳೂರಿನ ಸಂಶೋಧನೆ

2016ರ ಜೂನ್–ಜುಲೈ ತಿಂಗಳುಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎನ್. ವಿನಯಚಂದ್ರನ್ ಅವರ ಮುಂದಾಳತ್ವದಲ್ಲಿ, ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ ಮೊದಲಾದ ಸಂಸ್ಥೆಗಳ ಸಹಯೋಗದೊಡನೆ 'ಬಾಬಲ್' ಎಂಬ ಪ್ರಯೋಗ ನಡೆಯಿತು. ಸಿಂಧು ಸಾಧನಾ ಹಡಗಿನಿಂದ ದಕ್ಷಿಣ ಬಂಗಾಳ ಕೊಲ್ಲಿಯಲ್ಲಿ ಆರ್ಗೋ ಫ್ಲೋಟ್‌ಗಳ ಜೊತೆಗೆ ಐದು ಗ್ಲೈಡರ್‌ಗಳನ್ನೂ ಬಳಸಲಾಯಿತು. ಗ್ಲೈಡರ್‌ಗೆ ರೆಕ್ಕೆಗಳಿರುವುದರಿಂದ ಏರಿಳಿಯುತ್ತಲೇ ನಿಗದಿತ ದಿಕ್ಕಿನಲ್ಲಿ ಮುಂದೆ ಸಾಗಬಲ್ಲದು.

ಮಳೆ ಮತ್ತು ನದಿಗಳ ಸಿಹಿನೀರು ಕೊಲ್ಲಿಯ ಮೇಲ್ಪದರವನ್ನು ಹಗುರಗೊಳಿಸುತ್ತದೆ. ಅದರ ಕೆಳಗೆ ಮುಂಗಾರು ಪ್ರವಾಹವು ಅರಬ್ಬೀ ಸಮುದ್ರದ ಹೆಚ್ಚು ಉಪ್ಪಾದ ನೀರನ್ನು ಹೊತ್ತು ತರುವುದನ್ನು ಪ್ರಯೋಗ ದಾಖಲಿಸಿತು. ಈ ಪದರಗಳು ಎಷ್ಟು ಬೆರೆಯುತ್ತವೆ ಎಂಬುದು ಮೇಲ್ಮೈಯ ಉಷ್ಣತೆಯನ್ನೂ, ಅದರ ಮೂಲಕ ಮಳೆಯನ್ನೂ ಪ್ರಭಾವಿಸುತ್ತದೆ. ಮಳೆಯನ್ನು ನಂಬಿ ಗೋವಿನಜೋಳ, ಹತ್ತಿ ಬೆಳೆಯುವ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯಂತಹ ಒಳನಾಡಿನ ತಾಲ್ಲೂಕುಗಳಲ್ಲಿ ಬಿತ್ತನೆಯ ನಿರ್ಧಾರಕ್ಕೆ ಮಳೆಯ ಮುನ್ಸೂಚನೆ ಮುಖ್ಯವಾಗಿರುವುದರಿಂದ, ದೂರದ ಸಮುದ್ರದ ಈ ಅಳತೆಗಳಿಗೆ ಅಲ್ಲಿಯೂ ಮಹತ್ವವಿದೆ.

ಮಿತಿಗಳು ಮತ್ತು ವಿಸ್ತರಣೆ

ಸಾಗರಕ್ಕೆ ಬಿಟ್ಟ ಬಹುತೇಕ ಯಂತ್ರಗಳನ್ನು ಮರಳಿ ಪಡೆಯಲಾಗುವುದಿಲ್ಲ. ವರ್ಷಗಳು ಕಳೆದಂತೆ ಲವಣಾಂಶದ ಸಂವೇದಕದಲ್ಲಿ ದೋಷ ಕಾಣಿಸಿಕೊಳ್ಳಬಹುದು. ಆದ್ದರಿಂದ ಹಡಗುಗಳ ನಿಖರ ಅಳತೆಗಳೊಡನೆ ಹೋಲಿಸಿ ಮಾಹಿತಿಯನ್ನು ತಿದ್ದಲಾಗುತ್ತದೆ. ಸಾಗರದ ಒಟ್ಟು ನೀರಿನ ಸುಮಾರು ಅರ್ಧ ಭಾಗ 2,000 ಮೀಟರಿಗಿಂತ ಕೆಳಗಿದ್ದು, ಸಾಮಾನ್ಯ ಆರ್ಗೋ ಅಲ್ಲಿಗೆ ತಲುಪದು. ಇದಕ್ಕಾಗಿ 4,000 ಹಾಗೂ 6,000 ಮೀಟರ್ ಆಳಕ್ಕೆ ಇಳಿಯಬಲ್ಲ 'ಡೀಪ್ ಆರ್ಗೋ' ಯಂತ್ರಗಳನ್ನು ರೂಪಿಸಲಾಗಿದೆ. ಆಮ್ಲಜನಕ, ನೈಟ್ರೇಟ್, ಆಮ್ಲೀಯತೆ ಮತ್ತು ಪತ್ರಹರಿತ್ತನ್ನು ಅಳೆಯುವ ಜೈವಿಕ-ಭೂರಾಸಾಯನಿಕ ಆರ್ಗೋ ಇನ್ನೊಂದು ವಿಸ್ತರಣೆ.