ಹಳೆಯ ಪೆಟ್ಟಿಗೆಯೊಳಗಿನ ಚರಿತ್ರೆ

ನಮ್ಮ ಬಳಗದ ವಾಚನಾಲಯದ ಮೂಲೆಯಲ್ಲಿ ಕುಳಿತಿರುವ ಗಣಕಯಂತ್ರವನ್ನು ಗುಜರಿಗೆ ಹಾಕಬೇಕೆ, ರಿಪೇರಿ ಮಾಡಿಸಿ ಇಟ್ಟುಕೊಳ್ಳಬೇಕೆ ಎಂಬ ಪ್ರಶ್ನೆ ಕಳೆದ ವರ್ಷ ಕಾರ್ಯಕಾರಿ ಸಮಿತಿಯ ಮುಂದೆ ಬಂತು. 2010ರಲ್ಲಿ ಲ್ಯಾಮಿಂಗ್ಟನ್ ರಸ್ತೆಯಿಂದ ಬಿಡಿಭಾಗಗಳನ್ನು ತಂದು ಜೋಡಿಸಿದ ಯಂತ್ರ ಅದು. ಗುಂಡಿ ಒತ್ತಿ, ಚಹಾ ಕುಡಿದು ಬಂದರೂ ಪರದೆಯ ಮೇಲೆ ಮರಳುಗಡಿಯಾರ ತಿರುಗುತ್ತಲೇ ಇರುತ್ತಿತ್ತು. ಖಜಾಂಚಿಗಳು ಕೊಡಲೊಪ್ಪಿದ್ದು ಐದು ಸಾವಿರ ರೂಪಾಯಿ. ಅದರ ಮೇಲೆ ಒಂದು ಪೈಸೆಯೂ ಇಲ್ಲ. ಯಂತ್ರದ ಬಗ್ಗೆ ನಮಗೆ ವಿಶೇಷ ಮೋಹವೇನೂ ಇರಲಿಲ್ಲ. ಆದರೆ ಅದರ ಹಾರ್ಡ್‌ಡಿಸ್ಕಿನಲ್ಲಿ ಬಳಗದ ಸ್ಮರಣಸಂಚಿಕೆಗಳ ಕಡತಗಳಿದ್ದವು. ಈಗ ನಮ್ಮ ನಡುವೆ ಇಲ್ಲದ ಹಿರಿಯರು ಈ ನಗರಕ್ಕೆ ಬಂದಿಳಿದ ದಿನಗಳ ಬಗ್ಗೆ ಹೇಳಿಕೊಂಡ ಮಾತುಗಳಿದ್ದವು. ಬೇರೆ ಪ್ರತಿ ಯಾರಲ್ಲೂ ಇರಲಿಲ್ಲ. ಐದು ಸಾವಿರದಲ್ಲಿ ಏನು ಸಾಧ್ಯ ಎಂದು ಹುಡುಕುತ್ತ ಹೋದ ನಾವು, ಇಂಥ ಪೆಟ್ಟಿಗೆಯನ್ನು ಬಿಚ್ಚಿ ಜೋಡಿಸುವ ಪದ್ಧತಿ ಎಲ್ಲಿಂದ ಬಂತೆಂಬ ಪ್ರಶ್ನೆಯ ಬೆನ್ನು ಹತ್ತಿದೆವು.

ಮೇಜಿನ ಮೇಲಿನ ಗಣಕವನ್ನು ಮಾಲೀಕನೇ ಬಿಚ್ಚಬಹುದೆಂಬುದು ಇಂದು ಸಹಜವೆನಿಸುತ್ತದೆ. 1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆ ಹೊರತಂದ ಪರ್ಸನಲ್ ಕಂಪ್ಯೂಟರು ಈ ಪದ್ಧತಿಗೆ ಗಟ್ಟಿಯಾದ ತಳಹದಿ ಹಾಕಿತು. ಅದರ ಮೂಲ ಮಾದರಿಯಲ್ಲಿದ್ದ ಸ್ಮೃತಿ ಕೇವಲ 16 ಕಿಲೋಬೈಟು. ಆದರೆ ಮದರ್‌ಬೋರ್ಡಿನ ಮೇಲೆ ಐದು ಖಾಲಿ ಸ್ಲಾಟುಗಳಿದ್ದವು. ಗಣಿತದ ಕೆಲಸಕ್ಕೆಂದು 8087 ಚಿಪ್ಪನ್ನು ಕೂರಿಸಲು ಪ್ರತ್ಯೇಕ ಜಾಗವೂ ಇತ್ತು. ಕಂಪನಿ ಯಂತ್ರದ ಒಳರಚನೆಯ ಕೈಪಿಡಿಯನ್ನೂ ಪ್ರಕಟಿಸಿತು. ಇದನ್ನು ಔದಾರ್ಯವೆಂದು ತಿಳಿಯಬೇಕಾಗಿಲ್ಲ. ಅವಸರದಲ್ಲಿ ಮಾರುಕಟ್ಟೆಗೆ ಬರಬೇಕಿದ್ದವರು ಹೊರಗಿನ ಬಿಡಿಭಾಗಗಳನ್ನೇ ನೆಚ್ಚಿಕೊಂಡಿದ್ದರು, ಮತ್ತೊಬ್ಬರು ಕಾರ್ಡು ತಯಾರಿಸಿದರೆ ತಮ್ಮ ಯಂತ್ರವೇ ಹೆಚ್ಚು ಮಾರಾಟವಾಗುತ್ತದೆಂದು ಲೆಕ್ಕ ಹಾಕಿದ್ದರು. ಲೆಕ್ಕ ಅರ್ಧ ಸರಿಯಾಯಿತು. ಉಳಿದರ್ಧವನ್ನು ಕಾಂಪ್ಯಾಕ್ ಮತ್ತು ಅದರ ಹಿಂದೆ ಬಂದ ಅಸಂಖ್ಯ ತದ್ರೂಪು ತಯಾರಕರು ತಿಂದರು.

ಆ ಖಾಲಿ ಸ್ಲಾಟುಗಳನ್ನು ತುಂಬಿದವರಲ್ಲಿ ಒಬ್ಬನ ಕಥೆ ಇಲ್ಲಿ ಹೇಳಲೇಬೇಕು. ಅಮೆರಿಕದಲ್ಲಿ ಓದುತ್ತಿದ್ದ ವಾನ್ ಸುವನ್ನುಕುಲ್ ಎಂಬ ಥಾಯ್ ವಿದ್ಯಾರ್ಥಿ ತನ್ನ ಡಾಕ್ಟರೇಟ್ ಪ್ರಬಂಧವನ್ನು ಥಾಯ್ ಲಿಪಿಯಲ್ಲಿ ಸಿದ್ಧಪಡಿಸಬೇಕೆಂದಿದ್ದ. ಐಬಿಎಂ ಕೊಟ್ಟ ಎರಡು ಪರದೆ ಕಾರ್ಡುಗಳಲ್ಲಿ ಒಂದಕ್ಕೆ ಇಂಗ್ಲಿಷಿನ ಸಿದ್ಧ ಅಕ್ಷರಗಳ ಹೊರತು ಬೇರೇನೂ ಬಾರದು. ಇನ್ನೊಂದಕ್ಕೆ ಚಿತ್ರ ಬರುತ್ತಿತ್ತಾದರೂ ಅಕ್ಷರ ಓದುವಷ್ಟು ಸೂಕ್ಷ್ಮತೆ ಇರಲಿಲ್ಲ. ಆತ 1982ರಲ್ಲಿ ತಾನೇ ಒಂದು ಕಾರ್ಡು ರೂಪಿಸಿದ. 720 ಅಡ್ಡ, 348 ಉದ್ದ ಚುಕ್ಕೆಗಳ ಆ ಹರ್ಕ್ಯುಲಿಸ್ ಕಾರ್ಡು ಜಗತ್ತಿನಾದ್ಯಂತ ಮಾರಾಟವಾಯಿತು. ಅದನ್ನು ಕೊಂಡ ಎಷ್ಟು ಮಂದಿಗೆ ಅದರ ಹಿಂದೆ ಒಂದು ಏಷ್ಯನ್ ಲಿಪಿಯ ಹಠವಿತ್ತೆಂದು ತಿಳಿದಿತ್ತೋ!

ನಮ್ಮಲ್ಲಿಯೂ ಹೀಗೆಯೇ ನಡೆಯಿತು. ಕಾನ್ಪುರದ ಐಐಟಿಯಲ್ಲಿ ಮೋಹನ ತಾಂಬೆ ಮೊದಲಾದವರು ಆರಂಭಿಸಿದ ಭಾರತೀಯ ಲಿಪಿಗಳ ಕೆಲಸ 1988ರಲ್ಲಿ ಹುಟ್ಟಿದ ಪುಣೆಯ ಸಿ-ಡ್ಯಾಕ್ ಸಂಸ್ಥೆಗೆ ಬಂದು, ‘ಜಿಸ್ಟ್’ ಕಾರ್ಡಾಗಿ ರೂಪುಗೊಂಡಿತು. ಅದನ್ನು ಸ್ಲಾಟಿನಲ್ಲಿ ಸಿಕ್ಕಿಸಿದರೆ, ಇಂಗ್ಲಿಷ್ ಮಾತ್ರ ಬಲ್ಲ ಡಾಸ್ ಯುಗದ ವರ್ಡ್‌ಸ್ಟಾರ್, ಡಿಬೇಸ್‌ಗಳೂ ಕನ್ನಡ, ಮರಾಠಿ, ತಮಿಳು ತೋರಿಸುತ್ತಿದ್ದವು. ಹೊಸ ಯಂತ್ರ ಕೊಳ್ಳದೆ, ಇದ್ದುದಕ್ಕೇ ಒಂದು ಫಲಕ ಸೇರಿಸಿ ಭಾಷೆ ಕಲಿಸುವುದು! ಅಪ್‌ಗ್ರೇಡ್ ಎಂದರೆ ವೇಗ ಹೆಚ್ಚಿಸುವುದಷ್ಟೇ ಎಂದು ನಂಬಿದ್ದ ನಮಗೆ ಈ ಅಧ್ಯಾಯ ಹೊಸ ಅರ್ಥ ಕೊಟ್ಟಿತು. ಆದರೆ ಆ ಕಾರ್ಡು ನೆಚ್ಚಿದ್ದ ಐಎಸ್ಎ ಸ್ಲಾಟು ಶತಮಾನದ ಅಂಚಿನಲ್ಲಿ ಮದರ್‌ಬೋರ್ಡುಗಳಿಂದ ಮಾಯವಾಗತೊಡಗಿತು. ಕಾರ್ಡು ಕೆಡದಿದ್ದರೂ ಅದಕ್ಕೆ ಕೂರಲು ಜಾಗವಿಲ್ಲದಂತಾಯಿತು.

ಇನ್ನು ಪೇಟೆಯ ಮಾತು. 1984ರ ನವೆಂಬರಿನಲ್ಲಿ ಕೇಂದ್ರ ಸರಕಾರದ ಹೊಸ ಗಣಕ ನೀತಿ ಆಮದಿನ ಬಿಗಿಯನ್ನು ಕೊಂಚ ಸಡಿಲಿಸಿತು. 1991ರ ಉದಾರೀಕರಣ ಇನ್ನಷ್ಟು. ಬಿಡಿಭಾಗ ತಂದು ಜೋಡಿಸಿಕೊಡುವ ಕಸುಬು ನಗರನಗರಗಳಲ್ಲಿ ಬೇರೂರಿತು. ನಾವು ಹೊರನಾಡಿನ ಕನ್ನಡಿಗರು ಆಯಾ ಊರಿನ ಈ ಬೀದಿಗಳನ್ನು ದೇವಸ್ಥಾನದ ದಾರಿಯಷ್ಟೇ ಚೆನ್ನಾಗಿ ಬಲ್ಲೆವು: ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯಲ್ಲಿ ನೆಹರೂ ಪ್ಲೇಸ್, ಚೆನ್ನೈಯಲ್ಲಿ ರಿಚ್ಚಿ ಸ್ಟ್ರೀಟ್, ಸಿಕಂದರಾಬಾದಿನಲ್ಲಿ ಚೆನಾಯ್ ಟ್ರೇಡ್ ಸೆಂಟರ್. ತವರಿಗೆ ಹೋದರೆ ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ. ಲ್ಯಾಮಿಂಗ್ಟನ್ ರಸ್ತೆಗೆ ಡಾ. ದಾದಾಸಾಹೇಬ ಭಡಕಮಕರ್ ಅವರ ಹೆಸರಿಟ್ಟು ಬಹಳ ಕಾಲವಾಯಿತು. ಆದರೂ ಬಿಲ್ಲುಗಳಲ್ಲಿ, ಬಾಯಲ್ಲಿ ಹಳೆಯ ಗವರ್ನರನೇ ಉಳಿದುಕೊಂಡಿದ್ದಾನೆ.

ಈ ಬೀದಿಗಳ ದರವನ್ನು ಬೀದಿಯವರು ನಿರ್ಧರಿಸುತ್ತಿರಲಿಲ್ಲ. 1993ರ ಜುಲೈಯಲ್ಲಿ ಜಪಾನಿನ ನಿಹಾಮಾ ಪಟ್ಟಣದ ಕಾರ್ಖಾನೆಯೊಂದರಲ್ಲಿ ಸ್ಫೋಟವಾಯಿತು. ಚಿಪ್ಪುಗಳ ಹೊರಕವಚಕ್ಕೆ ಬೇಕಾದ ರಾಳದಲ್ಲಿ ಬಹುಪಾಲು ಬರುತ್ತಿದ್ದುದು ಅಲ್ಲಿಂದ. ಲೋಕದೆಲ್ಲೆಡೆ ರ‍್ಯಾಮಿನ ಬೆಲೆ ಜಿಗಿಯಿತು. 1999ರ ಸೆಪ್ಟೆಂಬರಿನ ತೈವಾನ್ ಭೂಕಂಪದಿಂದ ಮತ್ತೊಮ್ಮೆ ಹಾಗಾಯಿತು. 2011ರಲ್ಲಿ ಥಾಯ್ಲೆಂಡಿನ ಪ್ರವಾಹದಲ್ಲಿ ಹಾರ್ಡ್‌ಡಿಸ್ಕ್ ಕಾರ್ಖಾನೆಗಳು ಮುಳುಗಿ, ತಿಂಗಳುಗಟ್ಟಲೆ ಡಿಸ್ಕುಗಳು ದುಬಾರಿಯಾದವು. ಇನ್ನೊಂದೆಡೆ, 1997ರಲ್ಲಿ ಭಾರತ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದಂತೆ ಗಣಕ ಸಾಮಗ್ರಿಯ ಆಮದು ಸುಂಕ ಹಂತಹಂತವಾಗಿ ಇಳಿಯುತ್ತ 2005ರ ವೇಳೆಗೆ ಬಹುಮಟ್ಟಿಗೆ ಶೂನ್ಯವಾಯಿತು. ನಮ್ಮಂಥ ಸಂಘಗಳು ಗಣಕ ಕೊಳ್ಳುವ ಧೈರ್ಯ ಮಾಡಿದ್ದು ಆ ಇಳಿಜಾರಿನಲ್ಲಿಯೇ.

ಹಳೆಯ ಯಂತ್ರವನ್ನು ಎಲ್ಲಿಯವರೆಗೆ ಎಳೆಯಬಹುದು? 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಅಳತೆಯ ಪುಣ್ಯದಿಂದ ಹೊರಪೆಟ್ಟಿಗೆ ಇಂದಿಗೂ ಹೊಂದುತ್ತದೆ. ತಿರುಪಿನ ತೂತುಗಳು ಅಲ್ಲಲ್ಲೇ ಇವೆ. 2003ರಲ್ಲಿ ಬಂದ ಸಾಟಾ ಜೋಡಣೆಯಿಂದಾಗಿ ಹದಿನೈದು ವರ್ಷ ಹಳೆಯ ಬೋರ್ಡಿಗೂ ಇಂದಿನ ಎಸ್‌ಎಸ್‌ಡಿ ಹೊಂದುತ್ತದೆ. ಕೈಕೊಡುವುದು ರ‍್ಯಾಮ್. ಡಿಡಿಆರ್‌ನ ಒಂದೊಂದು ಪೀಳಿಗೆಗೂ ಪಟ್ಟಿಯ ಅಂಚಿನ ಕಚ್ಚು ಬೇರೆ ಜಾಗದಲ್ಲಿದೆ. ಒಂದರ ಮನೆಯಲ್ಲಿ ಇನ್ನೊಂದು ಕೂರದು. ಪ್ರೊಸೆಸರಿನ ಸಾಕೆಟ್ಟೂ ಅಷ್ಟೆ. ಒಂದನ್ನು ಬದಲಿಸಹೊರಟರೆ ಮೂರು ಬದಲಿಸಬೇಕು, ಐದು ಸಾವಿರ ಅಲ್ಲಿಗೆ ಮುಗಿಯಿತು.

ನಮ್ಮ ಯಂತ್ರದಲ್ಲಿದ್ದುದು ಕೋರ್ 2 ಡ್ಯುಯೋ, ಜಿ41 ಬೋರ್ಡು, 2 ಜಿಬಿ ಡಿಡಿಆರ್3 ರ‍್ಯಾಮು, ಮತ್ತು 2014ರ ಏಪ್ರಿಲ್ 8ರಂದೇ ಮೈಕ್ರೋಸಾಫ್ಟ್ ಕೈಬಿಟ್ಟ ವಿಂಡೋಸ್ ಎಕ್ಸ್‌ಪಿ. ಎಲ್ಲಕ್ಕೂ ಮೊದಲು ಹಳೆಯ ಡಿಸ್ಕನ್ನು ಪೂರ್ತಿಯಾಗಿ ಇನ್ನೊಂದಕ್ಕೆ ನಕಲು ಮಾಡಿದೆವು. ಇದಕ್ಕೆ ಬೇಕಾದ ಹೊರ ಡಿಸ್ಕನ್ನು ಸದಸ್ಯರೊಬ್ಬರು ಎರವಲು ಕೊಟ್ಟರು. ಹಣವನ್ನು ಹೇಗೆ ಹಂಚುವುದೆಂಬ ಬಗ್ಗೆ ವಾದವಾಯಿತು. ವೇಗಕ್ಕೆ ಎಸ್‌ಎಸ್‌ಡಿ ಮುಖ್ಯವೆಂದು ಕಿರಿಯರು. ಎಸ್‌ಎಂಪಿಎಸ್ ಬದಲಿಸದೆ ಮಿಕ್ಕದ್ದೇನು ಮಾಡಿದರೂ ವ್ಯರ್ಥವೆಂದು ಬ್ಯಾಂಕಿನ ಗಣಕ ವಿಭಾಗದಿಂದ ನಿವೃತ್ತರಾದ ಹಿರಿಯರು. ಮುಚ್ಚಳ ತೆಗೆದು ನೋಡಿದಾಗ ಕೆಪಾಸಿಟರುಗಳ ತಲೆ ಉಬ್ಬಿದ್ದವು. ಹಿರಿಯರ ಮಾತೇ ಗೆದ್ದಿತು. ಹೊಸ ಎಸ್‌ಎಂಪಿಎಸ್, 240 ಜಿಬಿಯ ಎಸ್‌ಎಸ್‌ಡಿ, ನಾಣ್ಯದಾಕಾರದ ಸಿಆರ್2032 ಸೆಲ್ಲು, ಪ್ರೊಸೆಸರಿಗೆ ಹಚ್ಚುವ ಪೇಸ್ಟು, ಕೈ ಬದಲಾದ 4 ಜಿಬಿಯ ಎರಡು ರ‍್ಯಾಮ್ ಪಟ್ಟಿಗಳು ಐದು ಸಾವಿರದೊಳಗೇ ಸಿಕ್ಕವು.

ಆ ಪಟ್ಟಿಗಳನ್ನು ಹಾಕಿದರೆ ಯಂತ್ರ ಏಳಲೇ ಇಲ್ಲ. ಜಿ41 ಬೋರ್ಡು 4 ಜಿಬಿಯ ಪಟ್ಟಿಯನ್ನು ಒಪ್ಪಬೇಕಾದರೆ ಎರಡೂ ಮಗ್ಗುಲು ಸೇರಿ ಹದಿನಾರು ಚಿಪ್ಪುಗಳಿರಬೇಕು. ನಮಗೆ ಸಿಕ್ಕಿದ್ದು ಎಂಟು ಚಿಪ್ಪುಗಳ ಆಮೇಲಿನ ತಯಾರಿ. ಮಾರನೆಯ ದಿನ ಮತ್ತೆ ಹೋಗಿ, ಅಂಗಡಿಯ ಡಬ್ಬಿಯಲ್ಲಿದ್ದುದನ್ನೆಲ್ಲ ತಿರುಗಿಸಿ ತಿರುಗಿಸಿ ಎಣಿಸಿ ಬದಲಿಸಿಕೊಂಡು ಬಂದೆವು. ಹೊಸ ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರನ್ನು ಮನೆಯೊಳಗೇ ಸೇರಿಸುವುದಿಲ್ಲವಾದ್ದರಿಂದ ಲಿನಕ್ಸ್ ಹಾಕಿದೆವು. ಚಹಾದ ಮಾತು ಬಿಡಿ, ಈಗ ಕುರ್ಚಿ ಎಳೆದು ಕೂರುವಷ್ಟರಲ್ಲಿ ಪರದೆ ಸಿದ್ಧ.

ಆದರೆ ಕಡತ ತೆರೆದರೆ ಕನ್ನಡವಿಲ್ಲ. ಸಾಲುಸಾಲು ರೋಮನ್ ಅಕ್ಷರ, ಪ್ರಶ್ನಾರ್ಥಕ, ಟೋಪಿ ತೊಟ್ಟ ಸ್ವರಗಳು. ಎಕ್ಸ್‌ಪಿಯಲ್ಲಿ ಇಷ್ಟು ದಿನ ನಾವು ನೋಡುತ್ತಿದ್ದುದು ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಸಂಕೇತಗಳನ್ನು. ಜಿಸ್ಟ್ ಕಾರ್ಡಿನ ಕಾಲ ಸರಿದ ಮೇಲೆ ಕನ್ನಡವನ್ನು ಗಣಕದಲ್ಲಿ ಉಳಿಸಿದ್ದು ಅಕ್ಷರವಿನ್ಯಾಸಗಳು: 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ನುಡಿಯ ಕೀಲಿಮಣೆಗೆ ಆಧಾರವಾದುದು ಕೆ.ಪಿ. ರಾಯರ ವಿನ್ಯಾಸ, ಅವರು ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿತ್ತು, 2001ರ ಎಕ್ಸ್‌ಪಿಯಲ್ಲಿ ‘ತುಂಗಾ’ ಅಕ್ಷರಗಳೂ ಬಂದವು. ಆದರೂ ನಮ್ಮ ಮುದ್ರಕರು, ನಾವು, ಎಲ್ಲರೂ ಕೈಗೆ ಒಗ್ಗಿದ್ದನ್ನು ಬಿಡಲಿಲ್ಲ. ತಪ್ಪು ನಮ್ಮದೂ ಹೌದು.

ನುಡಿ, ಬರಹಗಳ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ. ಅವು ಅಕ್ಷರ ಬದಲಿಸಿದರೆ ಸಾಲದು. ಹಳೆಯ ಪದ್ಧತಿಯಲ್ಲಿ ಅಕ್ಷರದ ನಂತರ ಬರುವ ಅರ್ಕಾವೊತ್ತನ್ನು ಮುಂದೆ ತಂದು ರಕಾರವಾಗಿ ಕೂರಿಸಬೇಕು. ‘ಸೂರ್ಯ’, ‘ಧರ್ಮ’ಗಳು ಸರಿಯಾದವೋ ಎಂದು ಪುಟಪುಟವೂ ನೋಡಿದೆವು. ಭಾನುವಾರಗಳು ಹನ್ನೊಂದು ಹಿಡಿದವು. ಹಿರಿಯರ ಮಾತುಗಳೆಲ್ಲ, ಒಂದನ್ನುಳಿದು, ಓದುವಂತಾದವು.

ಉಳಿದ ಆ ಒಂದು 1999ರ ಸಂಚಿಕೆಯದು. ಅಂದಿನ ಅಕ್ಷರಜೋಡಣೆಯವರು ಬಳಸಿದ್ದ ಅಕ್ಷರವಿನ್ಯಾಸ ಯಾವುದೆಂದು ಈಗ ಅವರಿಗೂ ನೆನಪಿಲ್ಲ. ಯಾವ ಪರಿವರ್ತಕವೂ ಅದನ್ನು ಗುರುತಿಸಲಿಲ್ಲ. ಆದರೆ ಆ ಸಂಚಿಕೆಯ ಅಚ್ಚಾದ ಪ್ರತಿಯೊಂದು, ಅಂಚು ಗೆದ್ದಲು ತಿಂದು, ವಾಚನಾಲಯದ ಕಪಾಟಿನಲ್ಲಿಯೇ ಸಿಕ್ಕಿತು. ಅದನ್ನು ಈಗ ಇಬ್ಬರು ಸದಸ್ಯೆಯರು, ಒಬ್ಬರು ಓದುತ್ತ ಒಬ್ಬರು ಬೆರಳಚ್ಚಿಸುತ್ತ, ಅದೇ ಯಂತ್ರದ ಮುಂದೆ ಕುಳಿತು ಮೊದಲಿನಿಂದ ಬರೆಯುತ್ತಿದ್ದಾರೆ. ನಲವತ್ತೆರಡನೆಯ ಪುಟದಲ್ಲಿದ್ದಾರೆ.