ಒಬ್ಬ ರೋಗಿ, ಎರಡು ಬಾಗಿಲು

‘ಬರಗಾಲದಲ್ಲಿ ಅಧಿಕ ಮಾಸ’ ಎಂಬ ಗಾದೆ ನಮ್ಮಲ್ಲಿದೆ. ಎಚ್‌ಐವಿ ಸೋಂಕಿನಿಂದ ಬಳಲಿದ ದೇಹಕ್ಕೆ ಕ್ಷಯರೋಗವೂ ಬಂದು ಸೇರಿದರೆ ಈ ಮಾತು ಅಕ್ಷರಶಃ ನಿಜವಾಗುತ್ತದೆ. ಎರಡು ರೋಗಗಳು ಒಂದೇ ದೇಹದಲ್ಲಿ ಕೂಡಿ ನೆಲೆಸಿದರೂ, ಅವುಗಳ ಚಿಕಿತ್ಸೆ ಬಹುಕಾಲ ಕೂಡಿ ನಡೆಯಲಿಲ್ಲ. ರೋಗಿ ಒಬ್ಬನೇ, ಅವನು ತಟ್ಟಬೇಕಾದ ಬಾಗಿಲುಗಳು ಮಾತ್ರ ಎರಡು. ಆ ಎರಡು ಬಾಗಿಲುಗಳು ಹತ್ತಿರವಾದ ಕಥೆ ನಮ್ಮ ನಾಡಿಗೂ ಸೇರಿದ್ದು.

ಈ ಕಥೆಯ ಮೊದಲ ಅಧ್ಯಾಯ ಏಡ್ಸ್ ಎಂಬ ಹೆಸರೇ ಇಲ್ಲದ ಕಾಲದ್ದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯ ಜನರಿಗೆ ತಮ್ಮ ಕಾಯಿಲೆಯ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬ ಭಾವನೆ ಆಗ ಪ್ರಬಲವಾಗಿತ್ತು. ಅಧ್ಯಯನ ಅದನ್ನು ಅಲ್ಲಗಳೆಯಿತು. ಬಹುಪಾಲು ರೋಗಿಗಳಿಗೆ ತಮ್ಮ ದೇಹದ ತೊಂದರೆ ತಿಳಿದೇ ಇತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆಗಾಗಿ ಸರ್ಕಾರಿ ಆಸ್ಪತ್ರೆಗಳ ಮೆಟ್ಟಿಲು ಹತ್ತಿದ್ದರು. ಕೆಮ್ಮಿನ ಔಷಧ ಕೊಟ್ಟು ಕಳುಹಿಸುತ್ತಿದ್ದವರಿಗೆ ಅವರೊಳಗಿನ ಕ್ಷಯ ಕಾಣಿಸಿರಲಿಲ್ಲ. ಜನರು ಬರುವ ಬಾಗಿಲಲ್ಲಿಯೇ ರೋಗವನ್ನು ಗುರುತಿಸಬೇಕು ಎಂಬ ಈ ಅರಿವು, ಕ್ಷಯ ಚಿಕಿತ್ಸೆಯನ್ನು ಸಾಮಾನ್ಯ ಆರೋಗ್ಯ ಸೇವೆಯೊಂದಿಗೆ ಬೆಸೆಯಲು ಹೊರಟ 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದ ತಳಹದಿಗಳಲ್ಲೊಂದಾಯಿತು.

ಆದರೆ ಕಲಿತ ಪಾಠವನ್ನು ಮತ್ತೊಮ್ಮೆ ಕಲಿಯಬೇಕಾದ ದಿನ ಬಂದಿತು. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಭಾರತದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆಹಚ್ಚಿದರು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯವನ್ನು ಜಾಗತಿಕ ತುರ್ತುಸ್ಥಿತಿಯೆಂದು ಘೋಷಿಸಿತು. 1997ರಿಂದ ಭಾರತದ ಪರಿಷ್ಕೃತ ಕ್ಷಯ ಕಾರ್ಯಕ್ರಮ ಹಂತಹಂತವಾಗಿ ವಿಸ್ತರಿಸಿತು. ಒಂದೇ ಸರ್ಕಾರದ ಎರಡು ಕಾರ್ಯಕ್ರಮಗಳು. ಅಧಿಕಾರಿಗಳು ಬೇರೆ, ದಾಖಲೆ ಪುಸ್ತಕಗಳು ಬೇರೆ.

ರೋಗಗಳಾದರೋ ಇಂತಹ ಗಡಿಗಳನ್ನು ಅರಿಯವು. ಕ್ಷಯದ ಜೀವಾಣು ಅನೇಕರ ದೇಹದಲ್ಲಿ ಯಾವ ತೊಂದರೆಯನ್ನೂ ಕೊಡದೆ ಸುಪ್ತವಾಗಿರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವ ರಕ್ಷಣಾಶಕ್ತಿಯನ್ನು ಎಚ್‌ಐವಿ ಕುಂದಿಸಿದಾಗ ಅದು ಎಚ್ಚೆತ್ತು ಹರಡುತ್ತದೆ. ಇಂತಹ ರೋಗಿಗಳ ಕಫದಲ್ಲಿ ಸೂಕ್ಷ್ಮದರ್ಶಕಕ್ಕೆ ಜೀವಾಣು ಕಾಣದಿರುವುದೂ ಉಂಟು. ಔಷಧಗಳ ನಡುವೆಯೂ ಘರ್ಷಣೆಯಿದೆ. ಕ್ಷಯಕ್ಕೆ ಮುಖ್ಯವಾದ ರಿಫಾಂಪಿಸಿನ್, ಎಚ್‌ಐವಿಗೆ ಆಗ ಹೆಚ್ಚಾಗಿ ಕೊಡುತ್ತಿದ್ದ ನೆವಿರಾಪಿನ್‌ನ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸುತ್ತದೆ. ಒಂದು ಕಡೆಯ ವೈದ್ಯರು ಬರೆದ ಚೀಟಿಯನ್ನು ಇನ್ನೊಂದು ಕಡೆಯವರು ನೋಡದಿದ್ದರೆ ಔಷಧವೇ ನಿಷ್ಫಲವಾಗುವ ಅಪಾಯವಿತ್ತು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಕಾರ್ಯವಿಧಾನದಲ್ಲಿತ್ತು. ಕ್ಷಯ ಕಾರ್ಯಕ್ರಮದಲ್ಲಿ ರೋಗಿ ಕಾರ್ಯಕರ್ತರ ಕಣ್ಣೆದುರಿನಲ್ಲಿ ಮಾತ್ರೆ ನುಂಗಬೇಕು. ತಪ್ಪಿಸಿದವರನ್ನು ಮನೆಗೆ ಹುಡುಕಿಕೊಂಡು ಹೋಗಬೇಕು. ಏಡ್ಸ್ ಕಾರ್ಯಕ್ರಮದ ಜೀವಾಳವಾದರೋ ಗೋಪ್ಯತೆ: ಮುಚ್ಚಿದ ಕೋಣೆಯಲ್ಲಿ ಆಪ್ತಸಮಾಲೋಚನೆ, ಒಪ್ಪಿಗೆಯ ಮೇಲಷ್ಟೇ ಪರೀಕ್ಷೆ. ಒಂದು ರೋಗಿಯನ್ನು ಹುಡುಕುವ ಸೇವೆ, ಇನ್ನೊಂದು ರೋಗಿಯನ್ನು ಮರೆಮಾಡುವ ಸೇವೆ. ಎರಡೂ ಪ್ರಾಣ ಉಳಿಸಲೆಂದೇ ಇದ್ದವು. ಆದರೂ ಒಂದರ ರೀತಿ ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ.

2001ರಲ್ಲಿ ಭಾರತ ಮೊದಲ ಜಂಟಿ ಕ್ರಿಯಾಯೋಜನೆಯನ್ನು ರೂಪಿಸಿತು. ಎಚ್‌ಐವಿ ಹೆಚ್ಚಾಗಿದ್ದ ಆರು ರಾಜ್ಯಗಳನ್ನು ಅದಕ್ಕೆ ಆರಿಸಲಾಯಿತು: ಆಂಧ್ರಪ್ರದೇಶ, ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು, ಮಣಿಪುರ ಮತ್ತು ನಾಗಾಲ್ಯಾಂಡ್. ಒಂದು ಕೇಂದ್ರಕ್ಕೆ ಬಂದವರನ್ನು ಇನ್ನೊಂದಕ್ಕೆ ಕಳುಹಿಸುವುದು ಅದರ ತಿರುಳು. ಆದರೆ ಅಂದು ಒಂದು ಕಠೋರ ಪ್ರಶ್ನೆಯಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿಗೆ ಉಚಿತ ಔಷಧವೇ ಇಲ್ಲದಿದ್ದಾಗ, ಕ್ಷಯರೋಗಿಗೆ ಪರೀಕ್ಷೆ ಮಾಡಿ ಏನನ್ನು ಕೊಡುವುದು, ಭಯವನ್ನು ಮಾತ್ರವೇ? ಅದಕ್ಕೆ ಉತ್ತರ ದೊರೆಯತೊಡಗಿದ್ದು 2004ರ ಏಪ್ರಿಲ್ 1ರಂದು, ಉಚಿತ ಎ.ಆರ್.ಟಿ. ಚಿಕಿತ್ಸೆ ಆರಂಭವಾದಾಗ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಎರಡು ಕಾರ್ಯಕ್ರಮಗಳು ಕೂಡಿ ಮಾಡಬೇಕಾದ ಹನ್ನೆರಡು ಕಾರ್ಯಗಳನ್ನು ಸೂಚಿಸಿತು.

ಮೊದಲು ಕ್ಷಯ ಗುಣವಾಗಲಿ, ಎಚ್‌ಐವಿ ಔಷಧ ಆಮೇಲೆ ಎಂದು ಕಾಯುವ ರೂಢಿಯೂ ಇತ್ತು. ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ 642 ರೋಗಿಗಳ ಮೇಲೆ ನಡೆದ ಅಧ್ಯಯನ ಇದನ್ನು ಪರಿಶೀಲಿಸಿತು. ಎರಡೂ ಚಿಕಿತ್ಸೆಗಳನ್ನು ಕೂಡಿಸಿ ಕೊಟ್ಟವರಲ್ಲಿ ಸಾವು ಶೇಕಡಾ 56ರಷ್ಟು ಕಡಿಮೆಯಿತ್ತೆಂದು 2010ರಲ್ಲಿ ಪ್ರಕಟವಾಯಿತು. ಸಮನ್ವಯವೆಂಬುದು ಕೇವಲ ಆಡಳಿತದ ಅಚ್ಚುಕಟ್ಟುತನವಲ್ಲ, ಅದು ಜೀವಗಳ ಲೆಕ್ಕ ಎಂಬುದು ಇದರಿಂದ ಸ್ಪಷ್ಟವಾಯಿತು.

ಭಾರತದಲ್ಲಿ ಕ್ಷಯರೋಗಿಗಳೆಲ್ಲರಿಗೂ ಎಚ್‌ಐವಿ ಪರೀಕ್ಷೆಯನ್ನು ನೀಡುವ ತೀವ್ರಗೊಳಿಸಿದ ಕ್ರಮಗಳು 2008ರಲ್ಲಿ ಆರಂಭವಾಗಿ, 2012ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿದವು. 2016ರ ಕೊನೆಯಿಂದ ಎ.ಆರ್.ಟಿ. ಕೇಂದ್ರಗಳಲ್ಲಿಯೇ ಕ್ಷಯದ ಔಷಧವೂ ದೊರೆಯುವ ಏರ್ಪಾಡು ಬಂದಿತು. ವಾರಕ್ಕೆ ಮೂರು ದಿನದ ಮಾತ್ರೆಯ ಬದಲು ದಿನನಿತ್ಯದ ಮಾತ್ರೆ ಬಂದಿತು. ಎರಡು ಬಾಗಿಲುಗಳು ಕೊನೆಗೂ ಒಂದಾಗತೊಡಗಿದವು. ಸೋಂಕಿತರ ಗೋಪ್ಯತೆಯನ್ನು ಕಾಪಾಡುವ, ತಾರತಮ್ಯವನ್ನು ನಿಷೇಧಿಸುವ 2017ರ ಕಾಯಿದೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2023ರಲ್ಲಿ ಜಗತ್ತಿನಲ್ಲಿ ಸುಮಾರು 12.5 ಲಕ್ಷ ಜನ ಕ್ಷಯದಿಂದ ತೀರಿಕೊಂಡರು. ಅವರಲ್ಲಿ ಸುಮಾರು 1.61 ಲಕ್ಷ ಜನ ಎಚ್‌ಐವಿ ಸೋಂಕಿತರಾಗಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಔಷಧವಿದ್ದೂ ಸಂಭವಿಸುವ ಸಾವುಗಳಿವು.

ಪ್ರಿಯ ಓದುಗರೇ, ಸರ್ಕಾರ ಎರಡು ಬಾಗಿಲುಗಳನ್ನು ಒಂದು ಮಾಡಬಲ್ಲದು. ಆದರೆ ರೋಗಿ ಔಷಧ ಪಡೆದು ಮರಳುವ ಮೂರನೆಯ ಬಾಗಿಲೊಂದಿದೆ, ಅದು ಮನೆಯದು. ವಾರಗಟ್ಟಲೆ ಬಿಡದೆ ಕೆಮ್ಮುವ ನೆರೆಯವರನ್ನು ಪರೀಕ್ಷೆಗೆ ಕರೆದೊಯ್ಯುವುದು, ಮಾತ್ರೆಯ ಹೊತ್ತನ್ನು ನೆನಪಿಸುವುದು, ಆಡಬಾರದ ಗುಟ್ಟನ್ನು ಆಡದಿರುವುದು, ಇವಾವುವೂ ವೈದ್ಯರಿಂದಷ್ಟೇ ಆಗುವ ಕೆಲಸಗಳಲ್ಲ. ತುಮಕೂರಿನ ಹಳ್ಳಿಗರು ಅರವತ್ತು ವರ್ಷಗಳ ಹಿಂದೆಯೇ ಬಾಗಿಲಿಗೆ ಬಂದು ನಿಂತಿದ್ದರು. ಇಂದು ನಮ್ಮ ಬಾಗಿಲಲ್ಲಿ ನಿಂತವರು ನಮಗೆ ಕಾಣಿಸುತ್ತಿದ್ದಾರೆಯೇ?